ಹೋಗು ಎಂದ ಬಾಯಿ, ಹೋಗಬೇಡ ಎಂದ ಗಿಟಾರು

ಮೊನ್ನೆ ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಕೊಟ್ಟೂರಿನ ಬಸ್ಸಿಗೆ ಕಾಯುತ್ತಾ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದೆ. ಪಕ್ಕದ ಮೊಬೈಲ್ ಅಂಗಡಿಯಲ್ಲಿ ಹಳೆಯ ತಮಿಳು ಸಿನಿಮಾ ಹಾಡೊಂದು ಶುರುವಾಯಿತು. ಮೊದಲ ನಾಲ್ಕು ಡ್ರಮ್ ಪೆಟ್ಟು ಕೇಳಿದ್ದೇ ತಡ, ಮಿರ್ಚಿ ಕೈಯಲ್ಲೇ ಉಳಿಯಿತು. ನನಗೆ ತಮಿಳು ಬರುವುದಿಲ್ಲ. ಆದರೂ ಆ ಹಾಡನ್ನು ನನ್ನಷ್ಟು ಬಲ್ಲವರು ನಮ್ಮ ಕಡೆಯ ಐದು ತಾಲ್ಲೂಕಿನಲ್ಲಿ ಯಾರೂ ಇಲ್ಲವೆಂದು ಎದೆ ತಟ್ಟಿ ಹೇಳಬಲ್ಲೆ. ಜಂಬ ಅನ್ನಿಸಿದರೆ ಅನ್ನಿಸಲಿ, ಕೇಳಿ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕೊಟ್ಟೂರಿನಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಗಿಟಾರಿಗೆ ಮಹಬೂಬ್. ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಬೆರಳು ಒರಟು, ಕಿವಿ ಬಲು ನಾಜೂಕು. ಹಾಡಲಿಕ್ಕೆ ನಾಗವೇಣಿ, ಪ್ರೈಮರಿ ಶಾಲೆಯ ಟೀಚರ್. ಕೀಬೋರ್ಡ್ ನನ್ನದು. ನೂರು ವಾದ್ಯಗಳ ದನಿ ಒಂದೇ ಪೆಟ್ಟಿಗೆಯಲ್ಲಿ ಇದ್ದ ಮೇಲೆ ಕೈ ಸುಮ್ಮನಿರುತ್ತದೆಯೆ? ಬೀಗರ ಎಲೆಯಲ್ಲಿ ಖಾಲಿ ಜಾಗ ಕಂಡರೆ ಅನ್ನ ಸುರಿಯುವವರ ಹಾಗೆ, ಹಾಡಿನಲ್ಲಿ ಎಲ್ಲಿ ಸಂದು ಸಿಕ್ಕರೂ ನಾನು ಏನಾದರೊಂದು ಬಡಿಸಿಬಿಡುತ್ತಿದ್ದೆ.

ಆ ತಮಿಳು ಹಾಡಿನ ಕ್ಯಾಸೆಟ್ ತಂದವನು ಮಹಬೂಬ್. ಪದಗಳ ಅರ್ಥ ನಮಗೆ ಯಾರಿಗೂ ಗೊತ್ತಿರಲಿಲ್ಲ. ಡ್ರಮ್ಮು ಗಡಿಬಿಡಿಯಲ್ಲಿ ನಡೆಯುತ್ತದೆ, ಗಾಯಕ ಎದೆಯುಬ್ಬಿಸಿ ಕೂಗುತ್ತಾನೆ. ಇದು ಖುಷಿಯ ಹಾಡೇ ಎಂದು ನಾನು ತೀರ್ಪು ಕೊಟ್ಟೆ. ಮಹಬೂಬ್ ತಲೆಯಾಡಿಸಿದ. "ಇಲ್ಲೋ ಮಾರಾಯ. ಗಿಟಾರು ಕೇಳು. ತಂತಿ ತಳ್ಳಿ ಸ್ವರ ಮ್ಯಾಲಕ್ಕ ಒಯ್ತಾನ, ಮುಟ್ಟಾಕ ಇನ್ನೇನು ಕೂದಲೆಳಿ ಅಂತರ ಐತಿ ಅನ್ನಾಗ ಬಿಟ್ಟುಬಿಡ್ತಾನ. ಕೈಗೆ ಸಿಗಲಾರದ್ದಕ್ಕ ಕೈ ಚಾಚಿದಂಗ."

ಆ ವಾರವೇ ಅವನ ಅಂಗಡಿಗೆ ಬೋರ್‌ವೆಲ್ ಲಾರಿಯ ತಮಿಳಿನವನೊಬ್ಬ ಮೋಟಾರು ರಿಪೇರಿಗೆ ಬಂದ. ಹಾಡು ಕೇಳಿಸಿದೆವು. ಅವನು ತನ್ನ ಹರುಕು ಕನ್ನಡದಲ್ಲಿ, "ಹೋಗು, ಹೋಗು, ನಾನು ಚೆನ್ನಾಗಿ ಇರ್ತೀನಿ ಅಂತ ಹೇಳ್ತಾನೆ" ಎಂದ. ಮಹಬೂಬ್ ನನ್ನ ಕಡೆ ತಿರುಗಿದ. "ತಿಳೀತೇನು? ಬಾಯಿ ಹೋಗು ಅಂತೈತಿ, ಗಿಟಾರು ಹೋಗಬ್ಯಾಡ ಅಂತೈತಿ."

ಅಂದಿನಿಂದ ನಾನು ಆ ಹಾಡಿಗೆ ಶಿಷ್ಯನಾದೆ. ಬಾಸ್ ಗಿಟಾರು ಗುಡುಗುವುದೇ ಇಲ್ಲ, ಮನೆಯ ಹಿತ್ತಲಲ್ಲಿ ಯಾರೋ ಅತ್ತಿಂದಿತ್ತ ಓಡಾಡಿದ ಹಾಗೆ ಅದೇ ಎರಡು ಸ್ವರ. ಪಿಟೀಲುಗಳು ಎರಡನೇ ಚರಣದ ನಂತರ ಬರುತ್ತವೆ, ಸಾವಿನ ಮನೆಗೆ ತಡವಾಗಿ ಬಂದ ನೆಂಟರ ಹಾಗೆ, ಮೆಲ್ಲಗೆ. ಕೊನೆಯ ಚರಣಕ್ಕೆ ಮುಂಚೆ ನಾಲ್ಕು ಎಣಿಸುವಷ್ಟು ಹೊತ್ತು ಎಲ್ಲವೂ ನಿಲ್ಲುತ್ತದೆ. ಅಭ್ಯಾಸದಲ್ಲಿ ಅಲ್ಲಿಯೂ ನಾನು ಕೊಳಲಿನ ದನಿ ಸೇರಿಸಿದೆ. ಮಹಬೂಬ್ ಗಿಟಾರು ಕೆಳಗಿಟ್ಟ. "ಲೇ, ಅವನ ಎದಿ ನಿಂತೈತಿ ಅಲ್ಲಿ. ನೀನ್ಯಾಕ ಪೀಪಿ ಊದ್ತೀಲೇ?"

ನಾಗವೇಣಿ ನಕ್ಕಳು. ಆ ದಿನಗಳಲ್ಲಿ ಅವಳು ನಕ್ಕಿದ್ದು ಅಷ್ಟೇ. ಅವಳಿಗೊಂದು ಗಂಡು ಗೊತ್ತಾಗಿತ್ತು. ಒಳ್ಳೆಯ ಹುಡುಗ, ಅವಳಿಗೆ ಮನಸ್ಸೂ ಇತ್ತು. ಆದರೆ ಗಂಡಿನ ಕಡೆಯವರು, ಮದುವೆಯಾದ ಮೇಲೆ ಸ್ಟೇಜ್ ಹತ್ತುವಂತಿಲ್ಲ ಎಂದರು. ಹುಡುಗ ತಲೆ ತಗ್ಗಿಸಿ ಕೂತಿದ್ದನಂತೆ. ಇವಳು, "ಹಂಗಾದ್ರ ಬ್ಯಾಡ್ರಿ, ಹೋಗ್ಬರ್ರಿ" ಎಂದು ಕೈ ಮುಗಿದುಬಿಟ್ಟಳು. ಅವರ ಹಿರಿಯರು ಇನ್ನೊಂದು ವಾರ ಯೋಚನೆ ಮಾಡಿ ಎಂದು ಹೇಳಿ ಹೋಗಿದ್ದರು. ಅವಳ ಅಪ್ಪ ದಿನಾ ಸಂಜೆ, "ಏನವ್ವಾ, ಏನಂತಿ?" ಎಂದು ಕೇಳುತ್ತಿದ್ದರು. ನಮ್ಮ ಮುಂದೆ ಮಾತ್ರ ಅವಳದು ಒಂದೇ ಮಾತು: "ಹೋದ್ರ ಹೋಗ್ಲಿ ಬಿಡ್ರಿ. ನನಗೇನಾಗೇತಿ?"

ಆ ವಾರದ ಕೊನೆಗೆ ಹಡಗಲಿಯ ಕಾಲೇಜೊಂದರಲ್ಲಿ ನಮ್ಮ ಕಾರ್ಯಕ್ರಮ, ಮಧ್ಯಾಹ್ನ ಮೂರಕ್ಕೆ. ತಮಿಳು ಪದಗಳನ್ನು ಕನ್ನಡದಲ್ಲಿ ಬರೆದುಕೊಂಡು ನಾಗವೇಣಿ ಮೈಕ್ ಹಿಡಿದಳು. ಎರಡು ಚರಣ ಗಟ್ಟಿಯಾಗಿ ಹಾಡಿದಳು. ನಂತರ ಆ ನಿಲುಗಡೆ. ಅಂದು ನಾನು ಕೀಬೋರ್ಡಿನಿಂದ ಎರಡೂ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ನಾಲ್ಕು ಎಣಿಸಿದ್ದಾಯಿತು. ನಾಗವೇಣಿ ಬಾಯಿ ತೆರೆದಳು, ದನಿ ಬರಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು.

ಏನಾದರೂ ನುಡಿಸಿ ಮುಚ್ಚಿಬಿಡೋಣ ಎಂದು ನನ್ನ ಬೆರಳು ತುರಿಸಿದವು. ಮಹಬೂಬ್ ಕಣ್ಣಲ್ಲೇ ಬೇಡವೆಂದ. ಅವಳು ಹಾಡಬೇಕಿದ್ದ ಸಾಲನ್ನು ಗಿಟಾರಿನಲ್ಲಿ ತಾನು ನುಡಿಸಿದ. ಮತ್ತೊಮ್ಮೆ ನುಡಿಸಿದ. ತಂತಿ ತಳ್ಳಿ, ಮುಟ್ಟುವ ಮೊದಲೇ ಬಿಟ್ಟ. ಮೂರನೇ ಸಲಕ್ಕೆ ನಾಗವೇಣಿ ಸೆರಗಿನಿಂದ ಮುಖ ಒರೆಸಿಕೊಂಡು, ಆ ಸ್ವರ ಬಿಟ್ಟಲ್ಲಿಂದ ಎತ್ತಿಕೊಂಡಳು. ಮುಟ್ಟಿದಳು. ಸಭೆಗೆ ಇದೆಲ್ಲ ಹಾಡಿನ ಭಾಗವೇ ಅನ್ನಿಸಿರಬೇಕು. ಎದ್ದು ನಿಂತು ಚಪ್ಪಾಳೆ ಹೊಡೆದರು.

ವಾಪಸ್ಸು ಬರುವಾಗ ಹಗರಿಬೊಮ್ಮನಹಳ್ಳಿಯಲ್ಲಿ ಚಹಾಕ್ಕೆ ನಿಂತೆವು. ನಾಗವೇಣಿ ಎಸ್‌ಟಿಡಿ ಬೂತಿಗೆ ಹೋಗಿ ಅಪ್ಪನಿಗೆ ಫೋನ್ ಮಾಡಿದಳು. ಬಾಗಿಲು ಸರಿಯಾಗಿ ಹಾಕಿರಲಿಲ್ಲ, ನಮಗೂ ಕೇಳಿಸಿತು. "ಅಪ್ಪಾ, ಇವತ್ತೇ ಹೇಳಿ ಕಳಸ್ರಿ, ಆಗಂಗಿಲ್ಲಂತ. ಹೂಂ, ದುಕ್ಕ ಐತಿ. ಇರ್ಲಿ. ಹಾಡೋದು ಬಿಡಂಗಿಲ್ಲ." ಹೊರಗೆ ಬಂದು ಎರಡು ಕಪ್ ಚಹಾ ಕುಡಿದಳು.

ಆರ್ಕೆಸ್ಟ್ರಾ ಮೂರು ವರ್ಷದಲ್ಲಿ ಚದುರಿತು. ಮಹಬೂಬನ ಅಂಗಡಿ ಇವತ್ತಿಗೂ ನಡೆಯುತ್ತಿದೆ. ನಾಗವೇಣಿ ಆಮೇಲೆ ಹರಪನಹಳ್ಳಿಗೆ ವರ್ಗವಾಗಿ ಹೋದಳು, ಹಾಡು ಕೇಳಿ ಮೆಚ್ಚಿದವನನ್ನೇ ಮದುವೆಯಾದಳು, ಅಲ್ಲೊಂದು ಸಂಗೀತ ಶಾಲೆ ತೆರೆದಳು. ಸಂಸಾರ, ಕೆಲಸ ಎನ್ನುತ್ತಾ ನಾನು ಫೋನು ಮಾಡುವುದನ್ನೂ ಮರೆತಿದ್ದೆ.

ಮೊನ್ನೆ ನಿಲ್ದಾಣದಿಂದಲೇ ನಾಗವೇಣಿಗೆ ಫೋನು ಮಾಡಿದೆ. "ಅವತ್ತು ಆಗಂಗಿಲ್ಲ ಅಂದಿದ್ದಕ್ಕ ಎಂದಾದ್ರೂ ಬ್ಯಾಸರ ಆಯ್ತೇನು?" ಎಂದು ಇಷ್ಟು ವರ್ಷ ಕೇಳದ್ದನ್ನು ಕೇಳಿದೆ.

"ಆಗೇತ್ರಿ, ಸುಳ್ಳ್ಯಾಕ ಹೇಳ್ಲಿ? ಒಂದು ವರ್ಷ ಅತ್ತೀನಿ. ಆದ್ರ ಹಾಡ್ಕೋಂತ ಅತ್ತೀನಿ" ಎಂದು ನಕ್ಕಳು. "ಇರ್ರಿ, ಹುಡುಗ್ರು ಬಂದ್ರು." ಫೋನು ಇಡುವುದನ್ನು ಮರೆತಳೋ, ಬೇಕೆಂದೇ ಇಡಲಿಲ್ಲವೋ. ಆ ಕಡೆ ಹತ್ತಿಪ್ಪತ್ತು ಎಳೆಯ ಕೊರಳು ಷಡ್ಜ ಹಿಡಿದವು.

ಕೊಟ್ಟೂರು ದಾಟಿ ಹರಪನಹಳ್ಳಿಗೆ ಹೋಗುವ ಬಸ್ಸು ಬಂತು. ಕಂಡಕ್ಟರ್ "ಎಲ್ಲಿಗ್ರಿ?" ಎಂದ. ಕೊಟ್ಟೂರು ಎನ್ನಬೇಕಾದವನು ಫೋನು ಕಿವಿಯಲ್ಲೇ ಇಟ್ಟುಕೊಂಡು, "ಹರಪನಹಳ್ಳಿ, ಒಂದು" ಎಂದೆ.