ಕುರಿ ಮುಟ್ಟದ ನೀರು

ನಮ್ಮಣ್ಣನಿಗೆ ಅಡಿಕೆಯ ಹುಚ್ಚು ಹಿಡಿದದ್ದು ತರೀಕೆರೆ ಕಡೆಯ ತನ್ನ ಮಾವನ ಮನೆಯಲ್ಲಿ. ಅಲ್ಲಿ ತೋಟದ ಪಕ್ಕದಲ್ಲೇ ಕಾಲುವೆ ಹರಿಯುತ್ತದೆ. ನಮ್ಮದು ಯಗಟಿ ಕಡೆಯ ಒಣಭೂಮಿ. ರಾಗಿ ಬಿತ್ತುವುದಕ್ಕೂ ಮೋಡದ ಮುಖ ನೋಡಬೇಕು. ಮಹಾನುಭಾವ ಕಾಲುವೆಯನ್ನು ಅಲ್ಲೇ ಬಿಟ್ಟು ಸಸಿಗಳನ್ನು ಮಾತ್ರ ತಂದ.

ಆಮೇಲೆ ಬೋರು ಕೊರೆಸುವ ಭರಾಟೆ. ಒಂದು ಬತ್ತಿದರೆ ಇನ್ನೊಂದು, ಅದು ಬತ್ತಿದರೆ ಅದರ ಪಕ್ಕದಲ್ಲೇ ಮತ್ತೊಂದು. ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿಬಿಟ್ಟಿದ್ದ. ಕರೆಂಟು ಬಂದಾಗಲೆಲ್ಲ ನೀರು ಹರಿಯುವುದೇ, ಸಸಿಯ ಬುಡ ಕೆಸರಾಗಿದ್ದರೂ ಸರಿ.

"ಸಾಕು, ಆಫ್ ಮಾಡಣ್ಣ" ಎಂದರೆ, "ನಾವ್ ನಿಲ್ಸಿದ್ರೆ ಪಕ್ಕದ ತೋಟದೋನು ಎಳ್ಕೊಂಬಿಡ್ತಾನೆ ಕಣೋ" ಎನ್ನುತ್ತಿದ್ದ. ಪಕ್ಕದವನೂ ತನ್ನ ಮನೆಯಲ್ಲಿ ಇದನ್ನೇ ಹೇಳುತ್ತಿದ್ದ. ಇಬ್ಬರು ಬುದ್ಧಿವಂತರೂ ಸೇರಿ ನಮ್ಮ ಸಿಹಿನೀರಿನ ಬಾವಿಯನ್ನು ಒಣಗಿಸಿದರು. ಅಣ್ಣ ಅದಕ್ಕೆ ಮಣ್ಣು ತುಂಬಿಸಿ ಮೇಲೆ ನಾಲ್ಕು ಅಡಿಕೆ ಸಸಿ ನೆಟ್ಟ. ಜಾಗ ದಂಡವಾಗಬಾರದಲ್ಲ!

ಕೊನೆಯ ಬೋರು ಸಾವಿರ ಅಡಿ ದಾಟಿದ ಮೇಲೆ ನೀರು ಕೊಟ್ಟಿತು. ಅಷ್ಟರಲ್ಲಿ ತೋಟದಲ್ಲಿ ಮೊದಲಿಂದಲೂ ಇದ್ದ ತೆಂಗು ಸೊರಗಿತ್ತು. ಗೊಬ್ಬರ ಬಿದ್ದರೆ ಚೇತರಿಸಿಕೊಂಡೀತೆಂದು ಅಮ್ಮ ಕುರಿಗಾರನ ದಾರಿ ಕಾಯುತ್ತಿದ್ದಳು. ಪ್ರತಿ ಬೇಸಿಗೆಯಲ್ಲೂ ಅವನು ಬಂದು ಕೆಲವು ದಿನ ನಮ್ಮ ತೋಟದಲ್ಲಿ ಮಂದೆ ನಿಲ್ಲಿಸುತ್ತಿದ್ದ. ಗೊಬ್ಬರ ನಮಗೆ, ನೀರು ಅವನ ಕುರಿಗಳಿಗೆ.

ಹೋದ ಬೇಸಿಗೆಯಲ್ಲೂ ಬಂದ. ಅಣ್ಣ ಜಂಬದಿಂದ ತೊಟ್ಟಿ ತುಂಬಿಸಿದ. ಬಿಸಿಲಲ್ಲಿ ನಡೆದು ಬಂದಿದ್ದ ಕುರಿಗಳು ನುಗ್ಗಿದವು, ಮೂಸಿದವು, ಮೂತಿ ತಿರುಗಿಸಿದವು. ಒಂದೆರಡು ನಾಲಿಗೆ ತಾಗಿಸಿ ತಲೆ ಕೊಡವಿದವು.

"ಸವಳು ನೀರು ಕಣ್ರೀ. ಬಾವಿ ಎಲ್ಲೋಯ್ತು?" ಎಂದ ಕುರಿಗಾರ. ನಾನು ಅಡಿಕೆ ಸಸಿಗಳತ್ತ ಕೈ ತೋರಿಸಿದೆ.

"ಕುರಿಗೇನ್ ಗೊತ್ತಯ್ಯಾ ರುಚಿ! ನಾವ್ ಕುಡೀತಿಲ್ವಾ?" ಎಂದು ಅಣ್ಣ ರೇಗಿದ. ನಿಜ, ಕುಡಿಯುತ್ತಿದ್ದೆವು. ನನಗೆ ನಾಚಿಕೆಯಾಯಿತು.

ಅಮ್ಮ ಕಾಫಿ ತಂದಳು. "ಈ ಸಲ ಆಗಲ್ಲ ಕಣವ್ವ, ಸಿಂಗಟಗೆರೆ ಕಡೆ ಹೊಡ್ಕೊಂಡ್ ಹೋಯ್ತೀನಿ" ಎಂದ ಅವನು, ಲೋಟ ಹಿಡಿದು ತುಸು ತಡೆದು, "ನೀರು ಇದೇನಾ?" ಎಂದು ಕೇಳಿದ. ನಮ್ಮ ಮನೆಯ ಕಾಫಿ ಕುಡಿಯುವ ಮೊದಲು ಯಾರೂ ಹಾಗೆ ಕೇಳಿರಲಿಲ್ಲ. ಅಮ್ಮನ ಮುಖ ಇಳಿಯಿತು. ಅದನ್ನು ನೋಡಿ ಅವನು ಕಣ್ಣು ಮುಚ್ಚಿ ಕುಡಿದುಬಿಟ್ಟ. ಕುರಿಗಳಿಗೆ ಆ ದಾಕ್ಷಿಣ್ಯ ಇರಲಿಲ್ಲ.