ವೈಪರಿಗೆ ಕಟ್ಟಿದ ಹಗ್ಗ
ಮೊಟ್ಟೆ ಸಾಗಿಸುವವನಿಗೆ ತನ್ನ ಹಳೇ ಪಿಕಪ್ ಮೇಲೆ ಎಷ್ಟು ಅಕ್ಕರೆಯೆಂದರೆ, ಅದು ಕೆಮ್ಮಿದರೆ ಇವನು ಗಂಟಲು ಸರಿಮಾಡಿಕೊಳ್ಳುತ್ತಾನೆ. ಬಿಸಿಲಿದ್ದರೆ ಒಬ್ಬನೇ ಹೊರಡುತ್ತಾನೆ. ಮಳೆ ಬಂತೋ, ವೈಪರ್ ಮುಷ್ಕರ ಹೂಡುತ್ತದೆ. ಆಗ ಅದಕ್ಕೊಂದು ಹಗ್ಗ ಕಟ್ಟಿ, ಈ ಕಿಟಕಿಯಿಂದ ಅವನು, ಆ ಕಿಟಕಿಯಿಂದ ಹೆಂಡತಿ, ಮೊಸರು ಕಡೆದ ಹಾಗೆ ಎಳೆದಾಡುತ್ತ, ನಗುತ್ತ, ಒಂದು ಮೊಟ್ಟೆಯೂ ಒಡೆಯದಂತೆ ಊರೆಲ್ಲ ಸುತ್ತಿ ಬರುತ್ತಾರೆ. "ಮನೇಲಿ ಕೆಲಸ ಬಿದ್ದಿದೆ, ಇದೊಂದು ನನಗೆ" ಎಂದು ಗೊಣಗುತ್ತಲೇ ಅವಳು ತಲೆ ಬಾಚಿಕೊಂಡು ಗಾಡಿ ಹತ್ತುತ್ತಾಳೆ. ಮೆಕ್ಯಾನಿಕ್ಕು ಮೋಟಾರು, ವೈರು, ಸ್ವಿಚ್ಚು ಎಲ್ಲ ತಡಕಿ, "ವೈಪರ್ ಫ್ಯೂಸೇ ಇಲ್ವಲ್ಲ ಮಾವ, ಹೋದ ತಿಂಗಳು ತಾನೇ ಹಾಕಿದ್ದೆ" ಎಂದರೆ, "ಹಳೇ ಗಾಡಿ ಅಲ್ವೇನಪ್ಪಾ, ಎಲ್ಲೋ ಬಿದ್ದಿರುತ್ತೆ" ಎನ್ನುತ್ತಾನೆ. ಅವನ ಅಂಗಿ ಒಗೆಯುವ ಮುನ್ನ ಹೆಂಡತಿ ಜೇಬಿನಲ್ಲಿರುವ ಫ್ಯೂಸನ್ನು ಜೋಪಾನವಾಗಿ ತೆಗೆದಿಡುತ್ತಾಳೆ. ಅಂಗಿ ಒಣಗಿದ ಮೇಲೆ, ಏನೂ ತಿಳಿಯದವಳಂತೆ, ಮತ್ತೆ ಅದೇ ಜೇಬಿಗೆ ಹಾಕುತ್ತಾಳೆ.