ಎಲ್ಲ ಕಂಪ್ಯೂಟರಿಗೂ ಮೇಲೂರೇ ಹೆಸರು

ಚಿಂತಾಮಣಿಯ ಮೋಹನ್‌ಬಾಬು ಅವರ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಜೋಡಿಸುವುದರಲ್ಲಿ ಸಿದ್ಧಾರ್ಥ್‌ನದು ಎತ್ತಿದ ಕೈ. ಮಾತಾಡು ಅಂದರೆ ಮಾತ್ರ ಬಾಯಿಗೆ ಬೀಗ. ಅವನು ಜೋಡಿಸಿಟ್ಟದ್ದಕ್ಕೆ ವಿಂಡೋಸ್ ಹಾಕುವ ಕೆಲಸ ಶಿರೀಷಾಳದು.

ವಿಂಡೋಸ್ ತುಂಬಿಟ್ಟ ಪೆನ್‌ಡ್ರೈವ್ ಅಂಗಡಿಗೆಲ್ಲ ಇದ್ದದ್ದು ಒಂದೇ. ಎರಡನೆಯದು ಕೊಳ್ಳಲು ಮೋಹನ್‌ಬಾಬುಗೆ ಕೈ ಬರುತ್ತಿರಲಿಲ್ಲ. ಹಾಗಾಗಿ ಒಂದು ಮುಗಿದ ಮೇಲೇ ಇನ್ನೊಂದು. ಪರದೆಯ ಮೇಲೆ ಅಂಕಿ ಆಮೆಯಂತೆ ತೆವಳುವಾಗ ಇಬ್ಬರೂ ಎದುರುಬದುರು ಕೂತು, ಅವಳು ತಂದ ಬೇಯಿಸಿದ ಕಡಲೆಕಾಯಿ ಬಿಡಿಸುತ್ತಿದ್ದರು. ಅವಳು ಮಾತಾಡುತ್ತಿದ್ದಳು, ಇವನು ಕೇಳುತ್ತಿದ್ದ. ಕೆಲಸ ಇರುವವರೆಗೂ ಮದುವೆಯ ಮಾತೆತ್ತುವುದಿಲ್ಲ ಎಂದು ಅವಳಮ್ಮ ಒಪ್ಪಿದ್ದನ್ನೂ ಹಾಗೆಯೇ ಕೇಳಿದ್ದ.

ಕೊನೆಯಲ್ಲಿ ಪ್ರತಿ ಕಂಪ್ಯೂಟರಿಗೂ ಒಂದು ಹೆಸರು ಕೊಡಬೇಕು. ಬೇರೆಯವರು ನಂಬರು ಕೊಡುತ್ತಾರೆ. ಶಿರೀಷಾ ಕಳವಾರ, ಮುರುಗಮಲ್ಲ ಎಂದು ಊರಿನ ಹೆಸರಿಡುತ್ತಿದ್ದಳು.

"ನಂಬರ್ ಹಾಕಿ ಕಳ್ಸೋಕೆ ಅವೇನು ಕೈದಿಗಳಾ?" ಅನ್ನುತ್ತಿದ್ದಳು. ತನ್ನೂರು ಮೇಲೂರಿನ ಹೆಸರನ್ನು ಮಾತ್ರ, ತುಂಬಾ ಚೆನ್ನಾಗಿರೋದು ಬರಲಿ ಎಂದು ಎತ್ತಿಟ್ಟಿದ್ದಳು.

ಆಗ ಗೌರಿಬಿದನೂರಿನ ಖಾಸಗಿ ಕಾಲೇಜೊಂದರ ಲ್ಯಾಬಿಗೆ ಮೂವತ್ತು ಕಂಪ್ಯೂಟರಿನ ಆರ್ಡರ್ ಬಂತು. ಸಿದ್ಧಾರ್ಥ್ ವಿಡಿಯೊ ನೋಡಿ ಹೊಸದೊಂದು ಕಲಿತ. ಒಂದೇ ಕಂಪ್ಯೂಟರಿಗೆ ಎಲ್ಲವನ್ನೂ ಹಾಕಿ, ಅದರ ನಕಲನ್ನು ಕೇಬಲ್ ಮೂಲಕ ಉಳಿದವಕ್ಕೆಲ್ಲ ಒಟ್ಟಿಗೆ ಇಳಿಸುವುದು. ಕೆಲಸ ಬೇಗ ಮುಗಿದರೆ ಅವಳನ್ನು ಹೊರಗೆ ಟೀಗೆ ಕರೆದುಕೊಂಡು ಹೋಗಿ ಮನಸ್ಸಿನ ಮಾತು ಹೇಳಿಬಿಡಬೇಕು ಎಂಬುದು ಅವನ ಲೆಕ್ಕ. ಪೆದ್ದ! ಇಡೀ ವರ್ಷ ಎದುರಿಗೇ ಕೂತಿದ್ದವಳಿಗೆ ಹೇಳಲಾರದವನು ಟೀ ಅಂಗಡಿ ಹುಡುಕುತ್ತಿದ್ದ.

ಮೊದಲ ಕಂಪ್ಯೂಟರನ್ನು ಒರೆಸಿ ಮುಂದಿಟ್ಟ. ಅವಳು ಒಂದು ಗಳಿಗೆ ನೋಡಿ, ನಗುತ್ತ "ಮೇಲೂರು" ಎಂದು ಹೆಸರಿಟ್ಟಳು. ಊಟದ ಹೊತ್ತಿಗೆ ಎಲ್ಲವೂ ತಯಾರು.

ಮೋಹನ್‌ಬಾಬು ಸಿದ್ಧಾರ್ಥ್‌ನ ಬೆನ್ನು ತಟ್ಟಿದರು. ಆಮೇಲೆ ಅವಳತ್ತ ತಿರುಗಿದರು. "ನೋಡಮ್ಮಾ, ಇನ್ಮೇಲೆ ಈ ಕೆಲ್ಸಕ್ಕೆ ಬೇರೆ ಒಬ್ರು ಬೇಕಿಲ್ಲ. ತಪ್ಪು ತಿಳ್ಕೋಬೇಡ."

ಅವಳು ಕಡಲೆಕಾಯಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಸಿದ್ಧಾರ್ಥ್ ಅಲ್ಲೇ ಕೇಬಲ್ ಹಿಡಿದು ನಿಂತಿದ್ದ. ಅವಳಮ್ಮ ಒಪ್ಪಿದ್ದ ಮಾತು ಅವನಿಗೆ ನೆನಪಾದದ್ದು ಆಗ.

ಫೋನ್ ಮಾಡುವಷ್ಟು ಧೈರ್ಯ ಕೂಡಿಸಿಕೊಳ್ಳುವ ಹೊತ್ತಿಗೆ ಕಾಲ ಮಿಂಚಿತ್ತು. ಅವನು ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡು ಅವಳು ಅಂದಳು:

"ತಾಂಬೂಲ ಬದಲಾಯ್ಸಿ ಆಯ್ತು ಸಿದ್ಧಾರ್ಥ್. ಅಷ್ಟೊಂದು ಹೊತ್ತು ಕೂತಿರ್ತಿದ್ವಲ್ಲ, ಆಗ ಒಂದು ಮಾತು ಹೇಳಿದ್ರೆ ಅಮ್ಮನ್ ಹತ್ರ ಜಗಳ ಆಡಿರ್ತಿದ್ದೆ."

ಅವನಿಗೆ ಎದೆ ಒಡೆದುಹೋಯಿತು. ಒಡೆದದ್ದು ಯಾರಿಗೂ ಕಾಣಲಿಲ್ಲ.

ಮುಂದಿನ ವಾರ ಕಾಲೇಜಿನಿಂದ ದೂರು ಬಂತು. ನಕಲು ಇಳಿಸುವ ಆತುರದಲ್ಲಿ ಹೆಸರು ಬದಲಿಸುವುದನ್ನು ಸಿದ್ಧಾರ್ಥ್ ಮರೆತಿದ್ದ. ಲ್ಯಾಬಿನಲ್ಲಿ ಎಲ್ಲ ಕಂಪ್ಯೂಟರಿಗೂ ಒಂದೇ ಹೆಸರು, ಯಾವುದು ಯಾವುದೆಂದೇ ತಿಳಿಯುತ್ತಿರಲಿಲ್ಲ. ಅವನು ಗೌರಿಬಿದನೂರಿಗೆ ಹೋಗಿ ಒಂದೊಂದರ ಮುಂದೆಯೂ ಕೂತ. ಮೇಲೂರು ಅಳಿಸಿ ನಂಬರು ಹಾಕಿದ. ಪಕ್ಕದ್ದಕ್ಕೆ ಸರಿದರೆ ಅಲ್ಲೂ ಮೇಲೂರು. ಇದನ್ನೂ ಒಟ್ಟಿಗೆ ಮಾಡುವ ಉಪಾಯ ಅವನಿಗೆ ಗೊತ್ತಿತ್ತು, ಆದರೆ ಮಾಡಲಿಲ್ಲ. ಸಂಜೆಯಾಗಿ, ಕೊನೆಯದೊಂದನ್ನು ಬದಲಿಸದೆ ಅದರ ಮುಂದೆ ಸುಮ್ಮನೆ ಕೂತಿದ್ದಾಗ ಲ್ಯಾಬಿನ ಮೇಡಂ ಬಂದರು.

"ಇದೊಂದು ಯಾಕೆ ಬಿಟ್ರಿ?"

"ಒಂದಕ್ಕೆ ಆ ಹೆಸ್ರು ಇರ್ಬೋದು ಮೇಡಂ," ಎಂದು ಸಿದ್ಧಾರ್ಥ್ ಎದ್ದು ಕಣ್ಣೊರೆಸಿಕೊಂಡ.